ಮನೆಯಲ್ಲಿ ಜ್ವರ

ನಮ್ಮ ಜಂಗಮಕೋಟೆ ಕಡೆ ರೇಷ್ಮೆಹುಳು ಸೊಪ್ಪು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಪೊರೆ ಕಳಚಲು ಕೂರುವುದಕ್ಕೆ ಜ್ವರ ಎನ್ನುತ್ತೇವೆ. ಆಗ ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಹುಳು ನಾಲ್ಕನೇ ಜ್ವರ ಎದ್ದಿತೆಂದರೆ ಅದರ ಹೊಟ್ಟೆಗೆ ಸೊಪ್ಪು ಹಾಕಿ ಹಾಕಿ ಗಂಡ ಹೆಂಡತಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ.

ಹುಳು ಆ ನಾಲ್ಕನೇ ಜ್ವರದಲ್ಲಿದ್ದ ದಿನವೇ ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದಳು. ನನ್ನ ಮಗಳಿಗೆ ಒಂಬತ್ತು ತಿಂಗಳು ತುಂಬಿತ್ತು, ದಡಾರದ ಲಸಿಕೆ ಹಾಕಿಸಬೇಕಿತ್ತು. ಹಿಂದಿನ ಸಲ ಸೂಜಿ ಹಾಕಿಸಿದಾಗ ಮೈ ಬಿಸಿಯಾಗಿ, ಎರಡು ದಿನ ಅಮ್ಮನ ಸೊಂಟದಿಂದ ಇಳಿದಿರಲಿಲ್ಲ. ನಾಳೆ ಹಾಗಾದರೆ ಸೊಪ್ಪು ಕೊಯ್ಯುವವರು ಯಾರು?

“ಮನೇಲಿ ಜ್ವರ ಕಣಮ್ಮ, ಒಳಗೆ ಬರಬೇಡ” ಎಂದೆ.

“ಅಯ್ಯೋ, ಪಾಪುಗಾ? ಹಂಗಾದ್ರೆ ಇವತ್ತು ಬೇಡ ಬಿಡಣ್ಣ. ಇಳಿದ್ಮೇಲೆ ಕರ್ಕೊಂಬನ್ನಿ” ಎಂದು ಪುಸ್ತಕದಲ್ಲಿ ಬರೆದುಕೊಂಡಳು.

ಹುಳು ಸಾಕದ ಊರಿನಿಂದ ಬಂದ ಸೊಸೆ ಅವಳು. ತಿದ್ದಬಹುದಿತ್ತು, ತಿದ್ದಲಿಲ್ಲ. ಸಾಲದ್ದಕ್ಕೆ ಮರುದಿನ ಡೇರಿ ಮುಂದೆ ಇದನ್ನೇ ಕಥೆ ಮಾಡಿ ಎಲ್ಲರನ್ನೂ ನಗಿಸಿದೆ.

“ಏನ್ ಚಾಲಾಕಪ್ಪ ನೀನು!” ಎಂದರು.

ನಗದವನು ಒಬ್ಬ ಮುದುಕ ಮಾತ್ರ. “ಇಂಥೋರಿಗೇ ಕಣೋ, ಲಸಿಕೆ ಕಡ್ಡಾಯ ಅಂತ ಕಾನೂನು ಮಾಡ್ಬೇಕು.”

“ಮಾಡ್ಲಿ ಬಿಡು ತಾತ. ನನ್ನ ಮಗು, ನನ್ನಿಷ್ಟ.”

ಮುಂದಿನ ಬೆಳೆಯ ಹುಳು ಜ್ವರಕ್ಕೆ ಕೂತಾಗಲೂ ಆಶಾ ಕಾರ್ಯಕರ್ತೆ ಬಂದಳು. ಮತ್ತೆ ಅದೇ ಮಾತು ಹೇಳಿ ಕಳಿಸಿದೆ. ಹುಳುವಿಗೆ ರೋಗ ತಗಲಬಾರದೆಂದು ಹೊಸ್ತಿಲಿಗೆಲ್ಲ ಸುಣ್ಣ ಚೆಲ್ಲುತ್ತಿದ್ದವನು ನಾನೇ.

ಆಮೇಲೆ ಮಗಳಿಗೆ ದಡಾರ ಬಂತು. ವಾರದಲ್ಲಿ ಎದ್ದು ಆಡಿದಳು. ಆದರೆ ಮೈಮೇಲೆ ಕೆಂಪು ಗುಳ್ಳೆ ಕಾಣುವ ಮುಂಚೆ, ಬರೀ ನೆಗಡಿಯೆಂದುಕೊಂಡು, ಪಕ್ಕದ ಮನೆಯ ಐದು ತಿಂಗಳ ಕೂಸಿನ ಜೊತೆ ಅವಳನ್ನು ಜಗಲಿಯ ಮೇಲೆ ಆಡಲು ಬಿಟ್ಟಿದ್ದೆವು. ಆ ಕೂಸಿಗೆ ಲಸಿಕೆಯ ವಯಸ್ಸೇ ಆಗಿರಲಿಲ್ಲ. ಹತ್ತು ಹನ್ನೆರಡು ದಿನಕ್ಕೆ ಅದಕ್ಕೂ ಬಂತು, ಎದೆಗೆ ಇಳಿಯಿತು. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ನಾನೇ ದಿನಾ ಬೈಕಿನಲ್ಲಿ ಊಟ ಒಯ್ದೆ.

“ದೇವರಂಥೋರು ಕಣಣ್ಣ ನೀವು” ಎಂದಳು ಕೂಸಿನ ತಾಯಿ. ಡಬ್ಬಿ ಕೈಗಿಟ್ಟು, ಅವಳ ಮುಖ ನೋಡಲಾಗದೆ ಓಡಿ ಬಂದೆ.

ಕೂಸು ಉಳಿಯಿತು. ಅವರು ಮನೆಗೆ ಬಂದ ದಿನ ಹೋಗಿ ಬಾಗಿಲಲ್ಲಿ ನಿಂತು, ಎರಡು ಸಲ ನಾನು ಆಡಿದ ಮಾತನ್ನೂ, ಅದನ್ನು ಡೇರಿ ಮುಂದೆ ಹೇಳಿ ನಕ್ಕಿದ್ದನ್ನೂ, ಮುದುಕ ಕಾನೂನಿನ ಮಾತೆತ್ತಿದ್ದನ್ನೂ ಬಿಡದೆ ಹೇಳಿದೆ.

ಕೂಸಿನ ತಾಯಿ ಮಡಿಲಲ್ಲಿದ್ದ ಕೂಸಿನ ಹೊದಿಕೆ ಸರಿಮಾಡಿದಳು. ಆಮೇಲೆ ಕೇಳಿದಳು, “ಕಾನೂನು ಅಂತ ಇದ್ದಿದ್ರೆ ಹಾಕಿಸ್ತಿದ್ರಾ ಅಣ್ಣ?”

“ಹಾಕಿಸ್ತಿದ್ದೆ ಕಣಮ್ಮ.”

“ಓ. ಪೊಲೀಸ್ನೋರಿಗಾದ್ರೆ ಹೆದರ್ತಿದ್ರಿ ಅನ್ನಿ.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಕೂಸನ್ನೆತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ. ಒಳಗೆ ಹೋಗುವ ಮುಖವಿಲ್ಲದೆ, ಹಾಗೇ ಹೊರಟುಬರುವ ಧೈರ್ಯವೂ ಇಲ್ಲದೆ ಅಲ್ಲೇ ನಿಂತಿದ್ದೆ.