ಬಕೆಟ್ಟಿಗೆ ಅಂಟಿದ ಏಳು ಮಹಡಿ

ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಆ ಏಳು ಮಹಡಿಯ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಅವಳು ಮಿಂಚಮ್ಮ. ಹದಿನೆಂಟು ವರ್ಷದಿಂದ ಅಲ್ಲಿನ ಶೌಚಾಲಯ ತೊಳೆಯುತ್ತಿದ್ದಳು. ಅವಳು ಉಜ್ಜಿದ ನಲ್ಲಿಯಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಮಂಡಿಗಳು ಮಾತ್ರ ಈಚೆಗೆ ಕೈಕೊಟ್ಟಿದ್ದವು.

ಅಂಥವಳ ಬೆನ್ನಿಗೆ ಮ್ಯಾನೇಜರ್ ಮಹಾಶಯ ಎನ್‌ಎಫ್‌ಸಿ ಟ್ಯಾಗ್ ಕಟ್ಟಿದ. ಒಂದೊಂದು ಮಹಡಿಯ ಶೌಚಾಲಯದ ಬಾಗಿಲಿಗೂ ಒಂದೊಂದು ದುಂಡನೆ ಸ್ಟಿಕ್ಕರು. ತೊಳೆದಾದ ಮೇಲೆ ಅದಕ್ಕೆ ಫೋನು ತಾಗಿಸಿ ಮಹಡಿ, ಹೊತ್ತು ದಾಖಲಿಸಬೇಕು, ದಿನಕ್ಕೆ ನಾಲ್ಕು ಸಲ. ತಪ್ಪಿದರೆ ಮನೆಗೆ! ಐದನೇ ಮಹಡಿ ಖಾಲಿ ಬಿದ್ದು ಆರು ತಿಂಗಳಾಗಿತ್ತು. ಅಲ್ಲಿಗೂ ನಾಲ್ಕು ಸಲವಂತೆ. ಯಾರ ಸೇವೆಗೆ, ಜೇಡನ ಸೇವೆಗಾ?

ಮೂರನೇ ದಿನ ಮಿಂಚಮ್ಮ ಏಳೂ ಸ್ಟಿಕ್ಕರನ್ನು ಉಗುರಲ್ಲಿ ನಾಜೂಕಾಗಿ ಕಿತ್ತು, ತನ್ನ ಕಬ್ಬಿಣದ ಬೀರುವಿಗೆ ಅಂಟಿಸಿದಳು. ಫೋನು ತಾಗಿಸಿದರೆ ಅವು ತುಟಿಪಿಟಕ್ಕೆನ್ನಲಿಲ್ಲ. ಮೊಬೈಲ್ ರಿಪೇರಿ ಮಾಡುವ ತಂಗಿಗೆ ಫೋನು ಹಚ್ಚಿದಳು.

"ಅಯ್ಯೋ ಅಕ್ಕಾ, ಅದರಲ್ಲಿ ಬ್ಯಾಟರಿ ಇರಲ್ಲ ಕಣೇ. ಒಂದು ತಂತಿ ಸುರುಳಿ, ಒಂದು ಚಿಪ್, ಅಷ್ಟೇ. ಫೋನು ಎರಡು ಬೆರಳಷ್ಟು ಹತ್ತಿರ ಬಂದಾಗ ಅದರಿಂದಲೇ ಕರೆಂಟು ಪಡ್ಕೊಂಡು ಏಳುತ್ತೆ, ತನ್ನ ನಂಬರು ಹೇಳಿ ಮತ್ತೆ ಮಲಗುತ್ತೆ. ಹಿಂದೆ ಕಬ್ಬಿಣ ಇದ್ರೆ ಆ ಕರೆಂಟು ಅದಕ್ಕೆ ಸಿಗೋದೇ ಇಲ್ಲ. ಪ್ಲಾಸ್ಟಿಕ್‌ಗೆ ಅಂಟಿಸು, ಬಿಡಿಬಿಡಿಯಾಗಿ. ನಮ್ಮಂಗಡೀಲಿ ಇದನ್ನ ಮುಟ್ಟಿಸಿದ್ರೆ ಬೆಲೆಪಟ್ಟಿ ಬರುತ್ತೆ. ನೀನೇನು ಕಿತಾಪತಿ ಮಾಡ್ತಿದೀಯಾ?"

"ಏನಿಲ್ಲಮ್ಮ, ಸುಮ್ನೆ ತಿಳ್ಕೊಳ್ಳೋಣ ಅಂತ."

ಸ್ಟಿಕ್ಕರುಗಳು ಪ್ಲಾಸ್ಟಿಕ್ ಬಕೆಟ್ಟಿನ ಸುತ್ತ ಕೂತವು. ಅಂದಿನಿಂದ ಅವಳು ಕೊಳೆಯಿದ್ದ ಕಡೆ ಹೋಗಿ ತೊಳೆದಳು, ಇಲ್ಲದ ಕಡೆ ಕಾಲಿಡಲಿಲ್ಲ. ಹೊತ್ತಿಗೆ ಸರಿಯಾಗಿ ಬಕೆಟ್ಟಿನ ಸುತ್ತ ಫೋನು ಆಡಿಸಿದಳು. ಮಂಡಿಗಳು ಹರಸಿದವು.

ಹನ್ನೊಂದನೇ ದಿನ ಕಟ್ಟಡದ ಯಜಮಾನಿಯೇ ಬಂದು ನಿಂತರು. ಕೈಯಲ್ಲಿ ವರದಿ, ಪಕ್ಕದಲ್ಲಿ ಮ್ಯಾನೇಜರ್.

"ಏಳು ಮಹಡಿ ಅರ್ಧ ನಿಮಿಷದಲ್ಲಿ ತೊಳೆಯೋರು ನೀವೇನಾ? ಹೇಗೆ ಅಂತ ತೋರಿಸಿ, ನೋಡೋಣ."

ಕೆಲಸ ಹೋಯಿತು ಅಂತ ಮಿಂಚಮ್ಮನಿಗೆ ಖಾತ್ರಿಯಾಯಿತು. ಹದಿನೆಂಟು ವರ್ಷದ ಅನ್ನ! ಸುಳ್ಳು ಹೇಳೋಣವೆಂದರೆ ಬಕೆಟ್ಟು ಕೈಯಲ್ಲೇ ಇದೆ.

"ಏಳೂ ಇಲ್ಲೇ ಇವೆ ಅಮ್ಮ, ಎಂಟು ದಿನದಿಂದ. ತಪ್ಪು ನಂದೇ. ಆದ್ರೆ ಮೇಲೆ ಎಲ್ಲಾದ್ರೂ ಒಂದು ಕಲೆ ಕಂಡ್ರೆ ಹೇಳಿ."

"ನೋಡ್ಕೊಂಡೇ ಬಂದೆ. ಒಂದೂ ಇಲ್ಲ."

"ಎಂಥ ಮೋಸ ಮೇಡಂ!" ಮ್ಯಾನೇಜರ್ ಹಾರಾಡಿದ. "ಈಗಲೇ ಓಡಿಸ್ತೀನಿ ಇವಳನ್ನ!"

"ಸ್ವಲ್ಪ ಇರಿ." ಯಜಮಾನಿ ಹಾಳೆ ತಿರುವಿದರು. "ದಿನಾ ಸಂಜೆ ನೀವೂ ಏಳು ಮಹಡಿ ಹತ್ತಿ, ಅದೇ ಸ್ಟಿಕ್ಕರಿಗೆ ಫೋನು ತಾಗಿಸಿ ತಪಾಸಣೆ ಮಾಡಿದೀರಿ ಅಂತಿದೆ. ನಿನ್ನೆಯೂ ಮಾಡಿದೀರಿ. ಸ್ಟಿಕ್ಕರು ಇವರ ಬಕೆಟ್ಟಲ್ಲಿತ್ತಲ್ಲ, ನೀವು ತಾಗಿಸಿದ್ದು ಯಾವುದಕ್ಕೆ?"

ಯಜಮಾನಿ ಇಬ್ಬರನ್ನೂ ಕರೆದುಕೊಂಡು ನೇರ ಮ್ಯಾನೇಜರ್ ಕೋಣೆಗೆ ನಡೆದರು. ಅವನ ಮೇಜಿನ ಡ್ರಾಯರಿನಲ್ಲಿ ಏಳು ನಕಲು ಸ್ಟಿಕ್ಕರು ಸಿಕ್ಕವು. ಅಗ್ಗದ ಟ್ಯಾಗು, ನಂಬರು ಇಳಿಸಿಕೊಳ್ಳುವುದು ಸಲೀಸು. ಪುಣ್ಯಾತ್ಮ ಮೊದಲ ದಿನವೇ ಆ ಕೆಲಸ ಮುಗಿಸಿದ್ದ.

"ಅಬ್ಬಾ ಸಾರ್, ಇಂಥ ಐಡಿಯಾ ನಂಗೆ ಹೊಳೀಲೇ ಇಲ್ವಲ್ಲ!" ಮಿಂಚಮ್ಮ ಬಾಯಿಬಿಟ್ಟೇ ನಕ್ಕಳು.

ಯಜಮಾನಿಗೂ ನಗು ತಡೆಯಲಾಗಲಿಲ್ಲ. "ನೀವು ನಿಮಗೆ ತೋಚಿದ ಹಾಗೇ ತೊಳೀರಿ," ಅಂದರು ಅವಳಿಗೆ. ಮ್ಯಾನೇಜರ್ ಕಡೆ ತಿರುಗಿದರು. "ಬಕೆಟ್ಟಿನ ಸ್ಟಿಕ್ಕರುಗಳನ್ನ ಬಾಗಿಲಿಗೆ ಅಂಟಿಸಿ ಬನ್ನಿ. ದಿನಕ್ಕೆ ನಾಲ್ಕು ಸಲ ತಾಗಿಸೋರು ಇನ್ನು ನೀವೇ."

ಮಿಂಚಮ್ಮ ಬಕೆಟ್ಟನ್ನು ಅವನ ಮುಂದೆ ಹಿಡಿದಳು.

"ಹುಷಾರಾಗಿ ಕೀಳಿ ಸಾರ್. ಹರಿದುಹೋದ್ರೆ ನಿಮ್ಮ ಕೆಲಸಕ್ಕೇ ಕುತ್ತು."