ಬಲದಿಂದ ಬರೆದ ಕನ್ನಡ

ಬ್ರಶ್ಶನ್ನು ತಗಡಿನ ಡಬ್ಬಿಗೆ ಬಡಿಯುವ ಟಣ್ ಟಣ್ ಕೇಳಿದರೆ ಹುಮನಾಬಾದಿನ ನಮ್ಮ ಓಣಿಗೆ ಪೇಂಟರ್ ಚಾಚಾ ಬಂದರೆಂದೇ ಅರ್ಥ. ನಿಜಾಮರ ಆಳ್ವಿಕೆ ಮುಗಿದು ಅಂಗಡಿಯವರೆಲ್ಲ ಕನ್ನಡ ಬೋರ್ಡು ಕೇಳತೊಡಗಿದಾಗ, ಉರ್ದು ಬರಹ ಮಾತ್ರ ಬಲ್ಲ ಚಾಚಾರ ಹೊಟ್ಟೆಪಾಡಿಗೇ ಕುತ್ತು ಬಂತು. ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಇದ್ದಲಿನಿಂದ ಅಕ್ಷರ ತಿದ್ದಿ ಕಲಿತರು. ‘ಚಹಾದಂಗಡಿ’ ಎಂಬ ಮೊದಲ ಬೋರ್ಡನ್ನು ಮಾತ್ರ ಉರ್ದುವಿನಂತೆ ಬಲದಿಂದ ಎಡಕ್ಕೆ ಬರೆದುಬಿಟ್ಟರು.

“‘ಡಿಗದಂಹಾಚ’! ಇದೇನ್ ಮಂತ್ರ ಏನ್ರಿ ಚಾಚಾ?” ಎಂದ ಅಂಗಡಿಯವ.

“ನಗಬ್ಯಾಡೋ. ಉರ್ದೂ ಏನ್ ಅಮ್ಮನ ಹೊಟ್ಟ್ಯಾಗ ಕಲ್ತು ಬಂದಿದ್ನೇನು? ಇದೂ ಕಲೀತೀನಿ,” ಎಂದು ಚಾಚಾ ಅಳಿಸತೊಡಗಿದರು.

ರಜೆ ಮುಗಿಸಿ ಕಾನ್ವೆಂಟಿಗೆ ಹೊರಟಾಗ ಅವರನ್ನು ಕೊನೆಯ ಸಲ, ದಾರಿಯಲ್ಲಿ ಸಿಕ್ಕ ಬಸವಕಲ್ಯಾಣದಲ್ಲಿ ಕಂಡೆ. ಹೆಣ್ಣುಮಕ್ಕಳ ಶಾಲೆಯ ಬೋರ್ಡು, ಎಡದಿಂದಲೇ, ಪರ್ಫೆಕ್ಟ್ ಸ್ಪೆಲಿಂಗು! ಜಾಗ ಸಾಲದೆಂದು ಹೆದರಿ ಅಕ್ಷರ ಸಣ್ಣದು ಮಾಡಿದ್ದರಿಂದ ಬಲಕ್ಕೆ ಬಯಲು ಉಳಿದಿತ್ತು. ಆ ಡಿಯರ್ ಮ್ಯಾನ್ ಅಲ್ಲೊಂದು ದೊಡ್ಡ ಗಿಳಿ ಬಿಡಿಸುತ್ತಿದ್ದರು.