ಬೆಟ್ಟದ ಕಡೆ ಮುಖ ಮಾಡಿ ನಿಂತವನು

ನಿವೃತ್ತಿಗೆ ನಾಲ್ಕು ವರ್ಷ ಉಳಿದಿದ್ದಾಗ ಹೊಸಪೇಟೆಗೆ ವರ್ಗವಾಗಿ ಬಂದೆ. ಸರ್ಕಾರಿ ಛಾಯಾಗ್ರಾಹಕನ ಹುದ್ದೆ. ಹಂಪಿ, ಸಂಡೂರಿನ ಬೆಟ್ಟಗಳನ್ನು ಫಿಲ್ಮಿನ ದೊಡ್ಡ ಕ್ಯಾಮೆರಾದಲ್ಲಿ, ಹಳೆಯ ಕಾಲದವರ ರೀತಿಯಲ್ಲೇ ದಾಖಲಿಸುವ ಕೆಲಸ. ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಮನೆಗಿಂತ ಬೆಟ್ಟವೇ ವಾಸಿ ಅನ್ನಿಸುತ್ತಿತ್ತು.

ಛಾಯಾಗ್ರಹಣದ ಮೊದಮೊದಲಿನವರಿಗೆ ಬೆಟ್ಟವೆಂದರೆ ಬರೀ ಕಲ್ಲುಮಣ್ಣಲ್ಲ, ಚಿತ್ರ ನೋಡಿದವರ ಎದೆ ನಡುಗಬೇಕು. ಅದಕ್ಕಾಗಿ ಅವರಲ್ಲಿ ಹಲವರು ಮೂಲೆಯಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸುತ್ತಿದ್ದರು. ನಮಗೆ ಬೆನ್ನು, ಬೆಟ್ಟಕ್ಕೆ ಮುಖ. ಎತ್ತರದ ಅಂದಾಜೂ ಸಿಗುತ್ತದೆ, ಒಂಟಿತನವೂ ತಟ್ಟುತ್ತದೆ. ಹಾಗೆ ನಿಂತವನನ್ನು ಸ್ಕೇಲ್ ಫಿಗರ್ ಎನ್ನುತ್ತೇವೆ. ನನಗೆ ಅದೊಂದು ಹುಚ್ಚಾಗಿಬಿಟ್ಟಿತ್ತು.

ನನ್ನ ಸ್ಕೇಲ್ ಫಿಗರ್ ಪಾಪಿನಾಯಕನಹಳ್ಳಿಯ ಕೊಟ್ರಪ್ಪ. ದಿನಗೂಲಿಯ ಮೇಲೆ ಟ್ರೈಪಾಡ್ ಹೊರಲು ಬಂದವನು. ನಿಂತನೆಂದರೆ ಅಲುಗಾಡುತ್ತಿರಲಿಲ್ಲ.

"ಸಾರ್, ನಿಮ್ಮ ಬೆಟ್ಟ ಎಲ್ಲಿಗೂ ಓಡಿ ಹೋಗಲ್ರಿ. ನನ್ನ ಕಾಲು ಹೋಗ್ತಾವ, ಜಲ್ದಿ ಮುಗಸ್ರಿ" ಎಂದು ಆ ಕಡೆ ತಿರುಗಿಕೊಂಡೇ ರೇಗಿಸುತ್ತಿದ್ದ. ಮಧ್ಯಾಹ್ನ ಎದುರುಬದುರು ಕೂತು ರೊಟ್ಟಿ ತಿನ್ನುತ್ತಿದ್ದೆವು. ಆ ಊರಿನಲ್ಲಿ ಕೆಲಸ ಬಿಟ್ಟು ಬೇರೆ ಮಾತು ಆಡುತ್ತಿದ್ದದ್ದು ಅವನೊಬ್ಬನ ಜೊತೆಗೆ.

ಮೂರನೇ ಬೇಸಿಗೆಯಲ್ಲಿ ಎದೆನೋವು ಬಂದು ಕೊಟ್ರಪ್ಪ ಹೋಗಿಬಿಟ್ಟ. ಕೆಲವು ದಿನಗಳ ಮೇಲೆ ಅವನ ಹೆಂಡತಿ ಹುಲಿಗೆಮ್ಮ ಕಚೇರಿಗೆ ಬಂದರು.

"ಪೂಜಿಗೆ ಇಡಾಕ ಒಂದು ಫೋಟೋ ಬೇಕಿತ್ರಿ. ಆಧಾರ್ ಕಾರ್ಡಿಂದು ದೊಡ್ಡದು ಮಾಡ್ಸಿದ್ವಿ, ಯಾರೋ ಬ್ಯಾರೆಯವ್ರು ಕಂಡಂಗ ಕಾಣ್ತಾರ. ನಿಮ್ಮತ್ರ ಭಾಳ ಅದಾವಂತ ಹೇಳ್ತಿದ್ರು."

ಪ್ರಿಂಟುಗಳನ್ನೆಲ್ಲ ಮೇಜಿನ ಮೇಲೆ ಹರಡಿದೆ. ಒಂದೊಂದೇ ನೋಡುತ್ತ ಹೋದೆ. ಸಂಡೂರಿನ ಬೆಟ್ಟ, ಹಂಪಿಯ ಬಂಡೆಗಳು, ಕಂಪ್ಲಿ ಕಡೆಯ ಹೊಳೆ. ಎಲ್ಲದರಲ್ಲೂ ಉಗುರಿನಷ್ಟು ಕೊಟ್ರಪ್ಪ, ಎಲ್ಲದರಲ್ಲೂ ಬೆನ್ನು.

"ಒಂದರಾಗೂ ಮಖ ಇಲ್ಲೇನ್ರಿ?"

"ಇಲ್ಲಮ್ಮ" ಎಂದೆ. ನಾಚಿಕೆಯಿಂದ ಭೂಮಿಗಿಳಿದುಹೋದೆ.

ಅವರು ಬಹಳ ಹೊತ್ತು ನೋಡಿ ಸಂಡೂರಿನದೊಂದನ್ನು ಎತ್ತಿಕೊಂಡರು.

"ಇರ್ಲಿ ಬಿಡ್ರಿ. ದಿನಾ ಬೆಳಿಗ್ಗೆ ಅವ್ರು ಕೆಲಸಕ್ಕ ಹೊಂಟಾಗ ಬಾಗಲಾಗ ನಿಂತು ನಾ ನೋಡ್ತಿದ್ದುದೂ ಈ ಬೆನ್ನನ್ನ. ಒಂದಿನಾನೂ ತಿರುಗಿ ನೋಡ್ದವ್ರಲ್ಲ."

ಚಿತ್ರದಲ್ಲಿ ಅವನನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿಕೊಡಲೇ ಎಂದು ಕೇಳಿದೆ.

"ಬ್ಯಾಡ್ರಿ. ಬೆಟ್ಟನೂ ಇರ್ಲಿ. ಒಬ್ರೇ ಇದ್ರ ಅವ್ರಿಗೆ ಬ್ಯಾಸರ ಆಗ್ತೈತಿ."

ಅಲ್ಲಿಂದ ನಿವೃತ್ತಿಯ ತನಕ, ಬೆಟ್ಟಕ್ಕೆ ಕ್ಯಾಮೆರಾ ಹೂಡುವ ಮೊದಲು ಜೊತೆಗೆ ಬಂದವರನ್ನು ನನ್ನ ಕಡೆ ತಿರುಗಿಸಿ ಒಂದು ಚಿತ್ರ ತೆಗೆಯುತ್ತಿದ್ದೆ. ಈ ವೃತ್ತಿ ನನಗೆ ಕಲಿಸಿದ್ದು ಅಷ್ಟೇ, ಅದೂ ತಡವಾಗಿ. ಈಗ ವಯಸ್ಸಾಯಿತು. ಕೊಟ್ರಪ್ಪನ ಮುಖ ನೆನಪು ಮಾಡಿಕೊಳ್ಳಲು ಕೂತರೆ ನನಗೂ ಬೆನ್ನೇ ಕಾಣುತ್ತದೆ.